ಮಂಡಿಗೆ ಯಾವ ಚುಚ್ಚುಮದ್ದು: ಸ್ಟೀರಾಯ್ಡ್, ಪಿಆರ್‌ಪಿ, ಕಾಂಡಕೋಶ, ಎಕ್ಸೋಸೋಮ್‌ಗಳ ಹೋಲಿಕೆ

ಕಳೆದ ಬಾರಿ ರೊಬಸ್ಟಾ ಕೊಯ್ಲು ಅರ್ಧಕ್ಕೆ ಬಂದಿದ್ದಾಗ ಸಕಲೇಶಪುರದ ಕಡೆಯ ನಮ್ಮ ದೊಡ್ಡಮ್ಮ ಹಾಸನದ ಮನೆಗೆ ಬಂದರು. ನಮ್ಮ ಬಾಗಿಲಿನ ಮುಂದಿರುವುದು ಮೂರೇ ಮೆಟ್ಟಿಲು. ಕಂಬ ಹಿಡಿದು, ಎಡಗಾಲನ್ನು ಮೇಲಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಪ್ರತಿ ಮೆಟ್ಟಿಲಿನಲ್ಲೂ ನಿಂತು ಉಸಿರು ತೆಗೆದುಕೊಂಡು ಹತ್ತಿದರು. ಕುಳಿತ ಮೇಲೆ ಕೈಚೀಲದಿಂದ ನಾಲ್ಕು ಮಡಿಕೆಯ ಬಣ್ಣದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತು, "ಇದ್ರಲ್ಲಿ ಏನೈತೆ ಅಂತ ಸರಿಯಾಗಿ ಓದಿ ಹೇಳು ಮಗ, ಮೆಣಸಿನ ದುಡ್ಡು ಇನ್ನೂ ಬ್ಯಾಂಕಲ್ಲೇ ಐತೆ" ಎಂದರು. ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಕಿರುಚೀಲ) ಚುಚ್ಚುಮದ್ದಿನಿಂದ ಸವೆದ ಮಂಡಿ ಮತ್ತೆ ಬೆಳೆಯುತ್ತದೆ, ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ ಎಂದು ಆ ಕಾಗದ ಹೇಳುತ್ತಿತ್ತು. ಒಂದು ಬಾಟಲಿಗೆ ಕೇಳಿದ್ದ ಹಣ ಅವರ ತೋಟದ ಒಂದು ವರ್ಷದ ಕಾಳುಮೆಣಸಿನ ಹುಟ್ಟುವಳಿಗೆ ಹೆಚ್ಚುಕಡಿಮೆ ಸಮನಾಗಿತ್ತು.

ನಾನು ವೈದ್ಯನಲ್ಲ, ರಕ್ತನಿಧಿಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದವನು. ಆ ಕಾಗದದಲ್ಲಿ ಹೆಸರಿಸಿದ್ದ ಎಕ್ಸೋಸೋಮ್‌ಗಳೂ ಅವುಗಳ ಹತ್ತಿರದ ಬಂಧುಗಳಾದ ಮೈಕ್ರೋವೆಸಿಕಲ್‌ಗಳೂ ನಾನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ರಕ್ತದಲ್ಲೇ ಇರುವಂಥವು. ದೊಡ್ಡಮ್ಮನಿಗೆ ಅಂದು ಹೇಳಿದ್ದನ್ನು, ಆಮೇಲೆ ಓದಿಯೂ ವೈದ್ಯರನ್ನು ಕೇಳಿಯೂ ತಿಳಿದುಕೊಂಡದ್ದರ ಜೊತೆ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ. ಈ ಹೋಲಿಕೆ ವಯಸ್ಸಿನೊಂದಿಗೆ ಬರುವ ಮಂಡಿ ಸವೆತಕ್ಕೆ ಮಾತ್ರ ಸಂಬಂಧಿಸಿದ್ದು. ಬೆಳಿಗ್ಗೆ ಎದ್ದ ಮೇಲೆ ಗಂಟೆಗೂ ಹೆಚ್ಚು ಹೊತ್ತು ಕೀಲುಗಳು ಬಿಗಿದಿದ್ದರೆ, ಎರಡೂ ಕೈಗಳ ಬೆರಳುಗಂಟುಗಳು ಊದಿದ್ದರೆ, ಅದು ರುಮಟಾಯ್ಡ್ ಸಂಧಿವಾತ ಆಗಿರಬಹುದು. ಅದರ ಪರೀಕ್ಷೆಯೂ ಔಷಧವೂ ಬೇರೆ. ಮಂಡಿ ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಜ್ವರದೊಂದಿಗೆ ಊದಿಕೊಂಡರೆ ಯಾವ ಹೋಲಿಕೆಯನ್ನೂ ಓದುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಾಟಲಿಯೊಳಗೆ ಇರುವುದು ಏನು

ದಾನಿಯ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಕೊಳವೆಯನ್ನು ಬೆಳಕಿಗೆ ಹಿಡಿದರೆ ಮೂರು ಪದರ ಕಾಣುತ್ತದೆ: ತಳದಲ್ಲಿ ದಟ್ಟ ಕೆಂಪು, ಅದರ ಮೇಲೆ ಗಂಜಿಯ ಕೆನೆಯಷ್ಟು ತೆಳುವಾದ ಬಿಳಿ ಗೆರೆ, ಅದಕ್ಕೂ ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ. ಮತ್ತೆ ತಿರುಗಿಸಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಕಣಗಳಾದ ಪ್ಲೇಟ್‌ಲೆಟ್‌ಗಳನ್ನೂ ಕೆಳಗಿಳಿಸಿದರೆ ಉಳಿಯುವ ಪ್ಲಾಸ್ಮಾ ತಿಳಿಯಾಗಿ, ಒಳಗೆ ಏನೂ ಇಲ್ಲವೆಂಬಂತೆ ತೋರುತ್ತದೆ. ಅದರಲ್ಲಿ ಏನೋ ಇದೆ ಎಂದು ತೋರಿಸಿಕೊಟ್ಟವರು ನ್ಯೂಯಾರ್ಕ್‌ನ ಎರ್ವಿನ್ ಚಾರ್ಗಾಫ್ ಮತ್ತು ರಾಂಡಾಲ್ಫ್ ವೆಸ್ಟ್. 1946ರಲ್ಲಿ ಅವರು ಇಂಥ ಪ್ಲಾಸ್ಮಾವನ್ನು ಬಹಳ ಹೆಚ್ಚಿನ ವೇಗದಲ್ಲಿ ತಿರುಗಿಸಿದಾಗ ತಳಕ್ಕಿಳಿದ ಗಸಿಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಶಕ್ತಿಯಿತ್ತು. ಗಸಿ ತೆಗೆದ ಪ್ಲಾಸ್ಮಾ ಹೆಪ್ಪಾಗಲು ಹೆಚ್ಚು ಹೊತ್ತು ಹಿಡಿಯಿತು. 1967ರಲ್ಲಿ ಇಂಗ್ಲೆಂಡಿನ ಪೀಟರ್ ವುಲ್ಫ್ ಆ ಗಸಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಅದಕ್ಕೆ 'ಪ್ಲೇಟ್‌ಲೆಟ್ ಧೂಳು' ಎಂದು ಹೆಸರಿಟ್ಟರು.

ಆ ಧೂಳೇ ಇಂದಿನ ಮೈಕ್ರೋವೆಸಿಕಲ್. ಜೀವಕೋಶಕ್ಕೆ ಪ್ರಚೋದನೆಯೋ ಪೆಟ್ಟೋ ಬಿದ್ದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ, ಹೊರಪೊರೆಯನ್ನು ಒಳಗಿನಿಂದ ಹಿಡಿದಿರುವ ಹಂದರ ಸಡಿಲವಾಗುತ್ತದೆ, ಮಾಮೂಲಾಗಿ ಪೊರೆಯ ಒಳಮೈಯಲ್ಲಿರುವ ಫಾಸ್ಫಟಿಡಿಲ್‌ಸೆರಿನ್ ಎಂಬ ಜಿಡ್ಡಿನಂಶ ಹೊರಮೈಗೆ ಬರುತ್ತದೆ, ಪೊರೆ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿ ಕಳಚಿಕೊಳ್ಳುತ್ತದೆ. ಹೀಗೆ ಕಳಚಿದ ಚೀಲದ ಅಡ್ಡಳತೆ ಸುಮಾರು 100ರಿಂದ 1,000 ನ್ಯಾನೊಮೀಟರ್. ಎಕ್ಸೋಸೋಮ್ ಇನ್ನೂ ಚಿಕ್ಕದು, 30ರಿಂದ 150 ನ್ಯಾನೊಮೀಟರ್. ಒಂದು ಕೂದಲೆಳೆಯ ದಪ್ಪದಲ್ಲಿ ನೂರಾರು ಎಕ್ಸೋಸೋಮ್‌ಗಳನ್ನು ಸಾಲಾಗಿ ಜೋಡಿಸಬಹುದು. ಅದು ಹುಟ್ಟುವ ಬಗೆಯೂ ಬೇರೆ. ಕೋಶದ ಒಳಗಿರುವ ದೊಡ್ಡ ಚೀಲವೊಂದರಲ್ಲಿ ಅದು ತಯಾರಾಗಿ, ಆ ದೊಡ್ಡ ಚೀಲ ಹೊರಪೊರೆಗೆ ಬೆಸೆದುಕೊಂಡಾಗ ಆಚೆ ಬೀಳುತ್ತದೆ. 1983ರಲ್ಲಿ ಮಾಂಟ್ರಿಯಲ್‌ನ ರೋಸ್ ಜಾನ್‌ಸ್ಟೋನ್ ಅವರ ತಂಡವೂ ಸೇಂಟ್ ಲೂಯಿಸ್‌ನ ಇನ್ನೊಂದು ತಂಡವೂ ಎಳೆಯ ಕೆಂಪು ರಕ್ತಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಹೀಗೆ ಹೊರಹಾಕುವುದನ್ನು ಕಂಡವು. ಇದು ಕೋಶ ಕಸ ಚೆಲ್ಲುವ ದಾರಿ ಎಂದೇ ಬಹಳ ಕಾಲ ಭಾವಿಸಲಾಗಿತ್ತು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಈ ಚೀಲಗಳಲ್ಲಿ ವಂಶವಾಹಿಯ ಸಂದೇಶ ಹೊರುವ ಆರ್‌ಎನ್‌ಎ ಇರುವುದನ್ನೂ, ಅದು ಇನ್ನೊಂದು ಕೋಶಕ್ಕೆ ಹೋಗಿ ಅಲ್ಲಿ ಕೆಲಸ ಮಾಡಬಲ್ಲದೆಂಬುದನ್ನೂ ತೋರಿಸಿದ ಮೇಲೆ ಲೋಕದ ಗಮನ ಇತ್ತ ತಿರುಗಿತು.

ಆರೋಗ್ಯವಂತ ದೇಹದಲ್ಲಿ ಇವಕ್ಕೆ ಕೈತುಂಬ ಕೆಲಸ. ಮೆಣಸಿನ ಬಳ್ಳಿ ಸವರುವಾಗ ಕತ್ತಿ ತಗುಲಿ ಬೆರಳು ಕೊಯ್ದುಕೊಂಡರೆ ಪ್ಲೇಟ್‌ಲೆಟ್‌ಗಳು ಉದುರಿಸುವ ಮೈಕ್ರೋವೆಸಿಕಲ್‌ಗಳ ಮೈಮೇಲೆ ಹೆಪ್ಪುಗಟ್ಟಿಸುವ ಅಂಶಗಳು ಬಂದು ಕೂರುತ್ತವೆ. ಪೊರೆಯ ಜಿಡ್ಡಿನಂಶವನ್ನು ಹೊರಕ್ಕೆ ತಿರುಗಿಸಲಾಗದ ಸ್ಕಾಟ್ ಸಿಂಡ್ರೋಮ್ ಎಂಬ ಅಪರೂಪದ ಹುಟ್ಟುರೋಗದವರಲ್ಲಿ ರಕ್ತಸ್ರಾವ ಬೇಗ ನಿಲ್ಲುವುದಿಲ್ಲ. ಬೆಳೆಯುವ ಮಕ್ಕಳ ಎಲುಬಿಗೆ ಸುಣ್ಣದಂಶ ಮೊದಲು ಕಟ್ಟಿಕೊಳ್ಳುವುದು ಕೋಶಗಳು ಬಿಟ್ಟ ಇಂಥ ಕಿರುಚೀಲಗಳ ಒಳಗೆ. ತಾಯಿಯ ಹಾಲಿನಲ್ಲೂ ಇವು ಹೇರಳವಾಗಿವೆ.

ಇದೇ ಚೀಲಗಳು ಕಾಯಿಲೆಯ ಕಡೆಗೂ ದುಡಿಯುತ್ತವೆ ಎಂಬುದನ್ನು ಬಣ್ಣದ ಕಾಗದಗಳು ಬರೆಯುವುದಿಲ್ಲ. ಕೆಲವು ಕ್ಯಾನ್ಸರ್‌ಗಳಲ್ಲಿ, ಅದರಲ್ಲೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ, ಗೆಡ್ಡೆಯಿಂದ ಹೊರಟ ಮೈಕ್ರೋವೆಸಿಕಲ್‌ಗಳು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಹೊತ್ತು ತಿರುಗುವುದು ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಲು ಒಂದು ಕಾರಣವೆಂದು ತಿಳಿದಿದೆ. ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾದಲ್ಲಿ ಮಾಸುವಿನಿಂದ ಬಿಡುಗಡೆಯಾಗುವ ಚೀಲಗಳು ತಾಯಿಯ ರಕ್ತದಲ್ಲಿ ಹೆಚ್ಚುತ್ತವೆ. ಮಲೇರಿಯಾದ ಪರೋಪಜೀವಿ ಹೊಕ್ಕ ಕೆಂಪುಕಣಗಳು ಕಿರುಚೀಲಗಳ ಮೂಲಕ ಒಂದಕ್ಕೊಂದು ಸಂಕೇತ ಕಳಿಸುತ್ತವೆಂದು 2013ರಲ್ಲಿ ಕಂಡುಬಂತು. ನಮ್ಮ ಮಂಡಿಯ ವಿಷಯಕ್ಕೆ ಬಹಳ ಹತ್ತಿರವಾದದ್ದು 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ: ರುಮಟಾಯ್ಡ್ ಸಂಧಿವಾತದವರ ಕೀಲಿನ ದ್ರವದಲ್ಲಿ ಪ್ಲೇಟ್‌ಲೆಟ್‌ಗಳ ಮೈಕ್ರೋವೆಸಿಕಲ್‌ಗಳು ತುಂಬಿಕೊಂಡಿದ್ದವು, ಮತ್ತು ಅವು ಕೀಲಿನ ಉರಿಯೂತಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತಿದ್ದವು.

ಹಾಸನ, ಚಿಕ್ಕಮಗಳೂರಿನ ಯಾವ ಕಾಫಿ ವ್ಯಾಪಾರಿಯೂ ಗೋಣಿಚೀಲವನ್ನಷ್ಟೇ ನೋಡಿ ಬೆಲೆ ಹೇಳುವುದಿಲ್ಲ. ಅರೇಬಿಕಾವೋ ರೊಬಸ್ಟಾವೋ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟೋ ಹಣ್ಣನ್ನೇ ಒಣಗಿಸಿದ ಚೆರ್ರಿಯೋ, ತೇವಾಂಶ ಎಷ್ಟು, ಔಟ್‌ಟರ್ನ್ (ಚೀಲಕ್ಕೆ ಸಿಗುವ ಬೀಜ) ಎಷ್ಟು ಬರುತ್ತದೆ ಎಂದು ಕೇಳಿ, ಒಂದು ಹಿಡಿ ತೆಗೆದು ನೋಡಿಯೇ ಮುಂದಿನ ಮಾತು. ಮಂಡಿಗೆ ಹಾಕುವ ಚೀಲಗಳ ವಿಷಯದಲ್ಲೂ ನಾವು ಕೇಳಬೇಕಾದದ್ದು ಇದನ್ನೇ: ಯಾವ ಕೋಶದಿಂದ ಬಂದದ್ದು, ಎಷ್ಟಿದೆ, ಹೇಗೆ ಶೋಧಿಸಿದ್ದು, ಹೇಗೆ ಇಟ್ಟಿದ್ದು, ಯಾರು ಪರೀಕ್ಷಿಸಿದ್ದು. ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಕೆಳಗಿನ ಆಯ್ಕೆಗಳನ್ನು ತೂಗಿದ್ದೇನೆ.

ಸೂಜಿಗಿಂತ ಮೊದಲು

ತೂಕ ಇಳಿಸುವುದು, ವ್ಯಾಯಾಮ, ದಿನದ ರೂಢಿಗಳನ್ನು ಬದಲಿಸುವುದು: ಇಲ್ಲಿ ಹೇಳುವ ಯಾವ ಚುಚ್ಚುಮದ್ದೂ ಇವುಗಳ ಜಾಗವನ್ನು ತುಂಬುವುದಿಲ್ಲ. ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಕೀಲಿನ ಭಾರವನ್ನು ಅದು ತಾನು ಹೊರುತ್ತದೆ. ಇದಕ್ಕೆ ಯಂತ್ರ ಬೇಡ. ಗಟ್ಟಿಯಾದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕುಳಿತು, ಒಂದು ಕಾಲನ್ನು ನೇರವಾಗಿ ಮುಂದಕ್ಕೆ ಚಾಚಿ, ತೊಡೆ ಬಿಗಿದದ್ದು ಕೈಗೆ ತಿಳಿಯುವವರೆಗೆ ಐದು ಎಣಿಸಿ, ನಿಧಾನವಾಗಿ ಇಳಿಸುವುದು. ಹೀಗೆ ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಒಂದು ವಾರದಲ್ಲಿ ಫಲ ಕಾಣದೆಂದು ಬಿಟ್ಟುಬಿಡುವವರೇ ಹೆಚ್ಚು, ಆದರೆ ಇದಕ್ಕೆ ಕನಿಷ್ಠ ಆರರಿಂದ ಎಂಟು ವಾರ ಕೊಡಬೇಕು.

ಊರುಗೋಲನ್ನು ನೋಯುವ ಕಾಲಿನ ಕಡೆಯ ಕೈಯಲ್ಲಿ ಹಿಡಿಯುವುದು ನಮ್ಮಲ್ಲಿ ರೂಢಿ. ಅದನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿದರೇ ಮಂಡಿಗೆ ಬಿಡುವು ಸಿಗುತ್ತದೆ. ಆಲೂಗಡ್ಡೆ ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಕೆಲಸವನ್ನು ಮಣೆ ಹಾಕಿಕೊಂಡು ಮಾಡುವುದು, ಶೌಚಕ್ಕೆ ಎತ್ತರದ ಕಮೋಡ್ ಬಳಸುವುದು, ಕಣದಲ್ಲಿ ಕಾಫಿ ಚೀಲ ಹೊರುವುದನ್ನು ಬಿಡುವುದು, ಇವೂ ಚಿಕಿತ್ಸೆಯೇ. ಡೈಕ್ಲೋಫಿನಾಕ್‌ನಂಥ ಹಚ್ಚುವ ಜೆಲ್ಲನ್ನು ಮಂಡಿ ಸವೆತಕ್ಕೆ ವೈದ್ಯರ ಮಾರ್ಗಸೂಚಿಗಳು ಮೊದಲ ಸಾಲಿನಲ್ಲೇ ಹೇಳುತ್ತವೆ. ನೋವಿನ ಮಾತ್ರೆಗಳನ್ನು ಮಾತ್ರ ಮೆಡಿಕಲ್ ಸ್ಟೋರಿನಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗಬಾರದು. ಸಕ್ಕರೆ ಕಾಯಿಲೆ, ಬಿಪಿ ಇರುವವರ ಮೂತ್ರಪಿಂಡಕ್ಕೂ ಹೊಟ್ಟೆಗೂ ಅದರಿಂದ ಆಗುವ ಹಾನಿ ಮಂಡಿ ನೋವಿಗಿಂತ ದೊಡ್ಡದು.

ಸ್ಟೀರಾಯ್ಡ್

ಟ್ರಯಾಮ್ಸಿನೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಮೊದಲಾದವು ಈ ಗುಂಪಿಗೆ ಸೇರಿದವು. ಬಾಟಲಿಯಲ್ಲಿ ಏನಿದೆ, ಎಷ್ಟು ಮಿಲಿಗ್ರಾಂ ಇದೆ, ಯಾವಾಗ ತಯಾರಾಯಿತು ಎಂಬುದು ಮೇಲೆಯೇ ಅಚ್ಚಾಗಿರುತ್ತದೆ; ಬೆಲೆಯೂ ಈ ಎಲ್ಲ ಚುಚ್ಚುಮದ್ದುಗಳಲ್ಲಿ ಕಡಿಮೆ. ಊತ, ನೀರು ತುಂಬಿಕೊಂಡು ನೋವು ಕೆರಳಿದ್ದಾಗ ಕೆಲವೇ ದಿನಗಳಲ್ಲಿ ಉಪಶಮನ ಕೊಡುತ್ತದೆ. ಆದರೆ ಆ ಉಪಶಮನ ಕೆಲವು ವಾರಗಳದ್ದು. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 140 ಜನರಿಗೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಸ್ಟೀರಾಯ್ಡನ್ನೋ ಬರೀ ಉಪ್ಪುನೀರನ್ನೋ ಕೊಟ್ಟು ನೋಡಿದಾಗ, ಕೊನೆಯಲ್ಲಿ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ, ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ (ಕೀಲಿನಲ್ಲಿ ಮೂಳೆತುದಿಗಳ ಮೇಲಿರುವ ಮೆತ್ತೆ) ಮಾತ್ರ ಹೆಚ್ಚು ತೆಳುವಾಗಿತ್ತು. ಆದ್ದರಿಂದ ಕೆರಳಿದ ನೋವಿಗೆ ಅಪರೂಪಕ್ಕೊಮ್ಮೆ ಸರಿ, ಪಡಿತರದಂತೆ ಪ್ರತಿ ಮೂರು ತಿಂಗಳಿಗೆ ಸರಿಯಲ್ಲ.

ಸಕ್ಕರೆ ಕಾಯಿಲೆ ಇರುವವರಲ್ಲಿ ಚುಚ್ಚಿದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಮೊದಲೇ ವೈದ್ಯರಿಗೆ ತಿಳಿಸಿ, ಆ ದಿನಗಳಲ್ಲಿ ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮೂರು ತಿಂಗಳೊಳಗೆ ಇದ್ದರೆ ಈ ಚುಚ್ಚುಮದ್ದನ್ನು ತೆಗೆದುಕೊಳ್ಳಬಾರದು, ಸೋಂಕಿನ ಅಪಾಯ ಹೆಚ್ಚುತ್ತದೆ.

ಹಯಲುರಾನಿಕ್ ಆಮ್ಲ

'ಮಂಡಿಗೆ ಗ್ರೀಸ್ ಹಾಕುವುದು' ಎಂದು ಜನ ಕರೆಯುವುದು ಇದನ್ನೇ. ಕೀಲಿನ ದ್ರವದಲ್ಲಿ ಸಹಜವಾಗಿ ಇರುವ ಲೋಳೆಯಂಥ ವಸ್ತು ಇದು. ಹುಂಜದ ಜುಟ್ಟಿನಿಂದಲೋ ಬ್ಯಾಕ್ಟೀರಿಯಾ ಬೆಳೆಸಿಯೋ ತೆಗೆಯುತ್ತಾರೆ. ಅಪಾಯ ಕಡಿಮೆ, ಲಾಭವೂ ಸರಾಸರಿಯಲ್ಲಿ ಬಹಳ ಚಿಕ್ಕದು. ಅಮೆರಿಕದ ಮೂಳೆ ವೈದ್ಯರ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ ಇದನ್ನು ವಾಡಿಕೆಯಾಗಿ ಬಳಸುವುದು ಬೇಡ ಎಂದಿದೆ. ಕೈಯಲ್ಲಿರುವ ಹಣ ಮಿತಿಯದಾಗಿದ್ದರೆ ಅದನ್ನು ಫಿಸಿಯೋಥೆರಪಿಗೆ ಇಡುವುದು ಮೇಲು.

ಪಿಆರ್‌ಪಿ

ಪಿಆರ್‌ಪಿ ಎಂದರೆ ಪ್ಲೇಟ್‌ಲೆಟ್ ಹೆಚ್ಚಿಸಿದ ಪ್ಲಾಸ್ಮಾ. ರೋಗಿಯದೇ ರಕ್ತವನ್ನು ತೋಳಿನಿಂದ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್‌ಗಳು ಮಾಮೂಲಿಗಿಂತ ಕೆಲವು ಪಟ್ಟು ದಟ್ಟವಾಗಿರುವ ಭಾಗವನ್ನು ಮಂಡಿಗೆ ಹಾಕುತ್ತಾರೆ. ಪ್ಲೇಟ್‌ಲೆಟ್‌ಗಳು ಒಡೆದಾಗ ಬೆಳವಣಿಗೆಗೆ ನೆರವಾಗುವ ಪ್ರೋಟೀನುಗಳು ಹೊರಬರುತ್ತವೆ, ಜೊತೆಗೆ ನಾನು ಮೇಲೆ ಹೇಳಿದ ಮೈಕ್ರೋವೆಸಿಕಲ್‌ಗಳೂ ಎಕ್ಸೋಸೋಮ್‌ಗಳೂ ಇರುತ್ತವೆ. ಎಂದರೆ, ಎಕ್ಸೋಸೋಮ್ ಬೇಕೆಂದು ದೂರದ ಬಾಟಲಿಗೆ ಹಣ ಕೊಡುವವರು ತಿಳಿಯಬೇಕಾದ ಸಂಗತಿಯೊಂದಿದೆ: ಪಿಆರ್‌ಪಿಯಲ್ಲಿ ಅವು ತಮ್ಮದೇ ರಕ್ತದಿಂದ, ಅರ್ಧ ಗಂಟೆಯ ಹಿಂದೆ ತೆಗೆದದ್ದರಿಂದ ಬಂದಿರುತ್ತವೆ.

ಇದರ ಗುಣ ಮಾಡುವವರ ಕೈಯಲ್ಲಿದೆ, ಮತ್ತು ಈ ಮಾತನ್ನು ನಾನು ಅನುಭವದಿಂದ ಹೇಳುತ್ತೇನೆ. ಪ್ಲೇಟ್‌ಲೆಟ್ ಬಹಳ ಮುನಿಸಿನ ಕೋಶ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ರಕ್ತನಾಳ ಸಿಗದೆ ಎರಡು ಮೂರು ಸಲ ಚುಚ್ಚಿದರೆ, ಹೆಪ್ಪುತಡೆ ದ್ರವದೊಂದಿಗೆ ಕೂಡಲೇ ಬೆರೆಸದಿದ್ದರೆ, ಯಂತ್ರವನ್ನು ತಕ್ಷಣ ಬ್ರೇಕ್ ಹಾಕಿ ನಿಲ್ಲಿಸಿದರೆ, ಅದು ಅಲ್ಲೇ ಕೆರಳಿ ಗಂಟುಕಟ್ಟುತ್ತದೆ; ತನ್ನ ಚೀಲಗಳನ್ನು ಮಂಡಿಯಲ್ಲಿ ಬಿಡುವ ಬದಲು ಕೊಳವೆಯಲ್ಲೇ ಬಿಟ್ಟುಬಿಡುತ್ತದೆ. ಒಳ್ಳೆಯ ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲನೆ ಆಡಿಸಿದರೆ ಹೊಗೆಯ ಸುಳಿಯಂತೆ ಮಿನುಗು ಎದ್ದು ತಿರುಗುವುದನ್ನು ಕಾಣಬಹುದು. ನಾವು ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಚೀಲ ಕೊಡುವ ಮೊದಲು ಈ ಸುಳಿಯನ್ನು ನೋಡುತ್ತಿದ್ದೆವು. ಸುಳಿ ಇಲ್ಲದೆ ಮಂಕಾಗಿ ನಿಂತ ದ್ರವ, ಅಥವಾ ಬಿಳಿ ಚೂರುಗಳು ತೇಲುವ ದ್ರವ ಕಂಡರೆ ಅದನ್ನು ಪಕ್ಕಕ್ಕೆ ಇಡುತ್ತಿದ್ದೆವು. ಪಿಆರ್‌ಪಿ ಮಾಡಿಸಿಕೊಳ್ಳುವವರು ಎಷ್ಟು ರಕ್ತ ತೆಗೆಯುತ್ತೀರಿ, ಒಮ್ಮೆ ತಿರುಗಿಸುತ್ತೀರೋ ಎರಡು ಸಲವೋ, ಬಿಳಿ ರಕ್ತಕಣಗಳನ್ನು ಬೇರ್ಪಡಿಸುತ್ತೀರೋ, ಪ್ಲೇಟ್‌ಲೆಟ್ ಎಣಿಕೆ ಮಾಡುತ್ತೀರೋ ಎಂದು ಕೇಳುವುದು ತಪ್ಪಲ್ಲ. ಬೇಸರಿಸದೆ ಉತ್ತರಿಸುವ ಕಡೆ ಕೆಲಸವೂ ಅಚ್ಚುಕಟ್ಟಾಗಿರುತ್ತದೆ ಎಂಬುದು ನನ್ನ ನಂಬಿಕೆ.

ಫಲ ಎಷ್ಟು? ಸಣ್ಣ ಪ್ರಯೋಗಗಳು ಹಲವು ಒಳ್ಳೆಯ ಫಲ ತೋರಿಸಿವೆ. ಆದರೆ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಂದರಂತೆ ಮೂರು ಪಿಆರ್‌ಪಿ ಪಡೆದವರಿಗೂ ಮೂರು ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗೂ ಒಂದು ವರ್ಷದ ಮೇಲೆ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಉಪ್ಪುನೀರು ಪಡೆದವರಿಗೂ ನೋವು ಇಳಿದಿತ್ತು ಎಂಬುದನ್ನು ಮರೆಯಬಾರದು. ನೆರೆಮನೆಯವರಿಗೆ ಗುಣವಾಯಿತು ಎಂಬ ಮಾತಿನಿಂದ ಮದ್ದಿನ ಗುಣವನ್ನು ಅಳೆಯಲಾಗದೆ ಇರುವುದು ಇದೇ ಕಾರಣಕ್ಕೆ. ಸವೆತ ಆರಂಭದ ಹಂತದಲ್ಲಿರುವ, ವ್ಯಾಯಾಮ ಮಾಡಿಯೂ ನೋವು ಉಳಿದ, ಸ್ಟೀರಾಯ್ಡ್ ಬೇಡವೆನ್ನುವ ನಡುವಯಸ್ಸಿನವರು ಇಷ್ಟನ್ನು ತಿಳಿದುಕೊಂಡು ಪಿಆರ್‌ಪಿ ಪ್ರಯತ್ನಿಸಿದರೆ ನಾನು ಬೇಡವೆನ್ನುವುದಿಲ್ಲ. ಮೂಳೆಗೆ ಮೂಳೆ ತಾಗುವಷ್ಟು ಸವೆದವರಿಗೆ ಬೇಡವೆನ್ನುತ್ತೇನೆ. ರುಮಟಾಯ್ಡ್ ಸಂಧಿವಾತದ ಕೀಲಿನಲ್ಲಿ ಪ್ಲೇಟ್‌ಲೆಟ್ ಚೀಲಗಳೇ ಉರಿಗೆ ಇಂಬು ಕೊಡುವುದು ಕಂಡಿರುವಾಗ, ಆ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಪಿಆರ್‌ಪಿಗೆ ಕೈಹಾಕುವುದೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು.

ಕಾಂಡಕೋಶ

ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳು (ಸ್ಟೆಮ್ ಸೆಲ್) ಮಂಡಿಯಲ್ಲಿ ಬೇರೂರಿ ಹೊಸ ಮೃದ್ವಸ್ಥಿಯಾಗುತ್ತವೆ ಎಂಬುದು ಮೊದಲಿನ ಆಸೆಯಾಗಿತ್ತು. ಹಾಕಿದ ಕೋಶಗಳಲ್ಲಿ ಹೆಚ್ಚಿನವು ಬಹಳ ದಿನ ಉಳಿಯುವುದಿಲ್ಲ, ಅವು ಮಾಡುವ ಕೆಲಸವೆಲ್ಲ ಹೊರಸೂಸುವ ವಸ್ತುಗಳಿಂದಲೇ ಎಂದು ಕ್ರಮೇಣ ತಿಳಿಯಿತು. ಮಂಡಿಗೆ ಬಳಸುವ ಈ ಬಗೆಯ ಕೋಶಗಳಿಗೆ 1991ರಲ್ಲಿ ಮೀಸೆಂಕೈಮಲ್ ಕಾಂಡಕೋಶ ಎಂದು ಹೆಸರಿಟ್ಟ ವಿಜ್ಞಾನಿ ಅರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಇವನ್ನು ಕಾಂಡಕೋಶವೆಂದು ಕರೆಯುವುದನ್ನು ನಿಲ್ಲಿಸಿ 'ಮದ್ದಿನ ಸಂಕೇತ ಕೊಡುವ ಕೋಶ' ಎಂಬರ್ಥದ ಹೆಸರು ಬಳಸೋಣ ಎಂದು ಬರೆದರು. ತಾವೇ ಇಟ್ಟ ಹೆಸರನ್ನು ಹಿಂತೆಗೆದುಕೊಂಡ ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ.

ಭಾರತದಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಮೂಳೆಮಜ್ಜೆಯ ಕೋಶಗಳಿಂದ ತಯಾರಿಸಿದ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನಕ್ಕೆ ಮಂಡಿ ಸವೆತದ ಚಿಕಿತ್ಸೆಗಾಗಿ 2022ರಲ್ಲಿ ಕೇಂದ್ರದ ಅನುಮತಿ ದೊರೆಯಿತು. 146 ಜನರ ಮೇಲೆ ನಡೆದ ಪ್ರಯೋಗದಲ್ಲಿ ನೋವು ಇಳಿದದ್ದು ಕಂಡಿತ್ತು. ಇನ್ನೊಂದು ಕಡೆ, ಅಮೆರಿಕದಲ್ಲಿ 475 ಜನರ ಮೇಲೆ ಮೂರು ಬಗೆಯ ಕೋಶಗಳನ್ನು ಸ್ಟೀರಾಯ್ಡಿನೊಂದಿಗೆ ಹೋಲಿಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಯಾವ ಕೋಶವೂ ಸ್ಟೀರಾಯ್ಡಿಗಿಂತ ಮೇಲೆನಿಸಲಿಲ್ಲ. ಅನುಮತಿ ಇರುವ ಉತ್ಪನ್ನವನ್ನು, ನಡುಮಟ್ಟದ ಸವೆತಕ್ಕೆ, ಮೂಳೆ ವೈದ್ಯರ ಸಲಹೆಯ ಮೇಲೆ ಪಡೆಯುವುದು ಒಂದು. ಹೊಟ್ಟೆಯ ಕೊಬ್ಬಿನಿಂದ ತೆಗೆದು ಅಲ್ಲೇ ಹಾಕಿಬಿಡುತ್ತೇವೆ ಎನ್ನುವ ಕಡೆ ಹೋಗುವುದು ಇನ್ನೊಂದು. ಹೆಸರು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಎಕ್ಸೋಸೋಮ್

ಕೋಶದ ಕೆಲಸವೆಲ್ಲ ಅದು ಹೊರಸೂಸುವುದರಿಂದ ಆಗುವುದಾದರೆ ಕೋಶವನ್ನೇ ಏಕೆ ಹಾಕಬೇಕು, ಅದರ ಚೀಲಗಳನ್ನಷ್ಟೇ ಹಾಕೋಣ ಎಂಬ ಆಲೋಚನೆ ಸಹಜವಾಗಿಯೇ ಬಂತು, ಮತ್ತು ಅದು ಒಳ್ಳೆಯ ಆಲೋಚನೆ. 2010ರಲ್ಲಿ ಸಿಂಗಪುರದ ತಂಡವೊಂದು ಕಾಂಡಕೋಶದ ಎಕ್ಸೋಸೋಮ್‌ಗಳು ಇಲಿಗಳಲ್ಲಿ ಹೃದಯಾಘಾತದ ಹಾನಿಯನ್ನು ತಗ್ಗಿಸಿದ್ದನ್ನು ತೋರಿಸಿತ್ತು. ಚೀಲಗಳು ಕೋಶದಂತೆ ಬೆಳೆಯುವುದಿಲ್ಲ, ಆದ್ದರಿಂದ ಗೆಡ್ಡೆಯಾಗುವ ಭಯವಿಲ್ಲ. ಇವನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದು. ಮುಂದೊಂದು ದಿನ ಇದರಿಂದ ನಿಜವಾದ ಔಷಧ ಬರಲಿ ಎಂದು ನಾನು ಮನಸಾರೆ ಹಾರೈಸುತ್ತೇನೆ.

ಆದರೆ ಇಂದು ಹಣ ಕೊಟ್ಟು ಕೊಳ್ಳುವವರಿಗೆ ಮೇಲಿನ ಪ್ರಶ್ನೆಗಳಲ್ಲಿ ಒಂದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. ಎಕ್ಸೋಸೋಮ್‌ಗಳನ್ನು ಮೈಕ್ರೋವೆಸಿಕಲ್‌ಗಳಿಂದ, ಅದೇ ಗಾತ್ರದ ಕೊಬ್ಬಿನ ಕಣಗಳಿಂದ ಶುದ್ಧವಾಗಿ ಬೇರ್ಪಡಿಸುವುದು ಎಷ್ಟು ಕಷ್ಟವೆಂದರೆ, ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವೇ 2014, 2018 ಮತ್ತು 2023ರ ಮಾರ್ಗಸೂಚಿಗಳನ್ನು ಹೊರಡಿಸಿ, ಹುಟ್ಟನ್ನು ಸಾಬೀತುಪಡಿಸಲಾಗದಿದ್ದರೆ ಎಕ್ಸೋಸೋಮ್ ಎಂಬ ಹೆಸರನ್ನೇ ಬಳಸಬೇಡಿ ಎಂಬ ಧಾಟಿಯಲ್ಲಿ ಸಂಶೋಧಕರಿಗೆ ಹೇಳಿದೆ. ಬಾಟಲಿಯ ಮೇಲೆ ಕೋಟಿ ಕೋಟಿ ಕಣಗಳೆಂದು ಬರೆದಿದ್ದರೂ, ಎಣಿಸುವ ಯಂತ್ರಕ್ಕೆ ಚೀಲವೂ ಕಸವೂ ಒಂದೇ ಚುಕ್ಕಿಯಾಗಿ ಕಾಣಬಹುದು. ಇಡುವ ಬಗೆಯೂ ಮುಖ್ಯ. ಪ್ರಯೋಗಾಲಯಗಳಲ್ಲಿ ಇವನ್ನು ಸಾಮಾನ್ಯವಾಗಿ ಸೊನ್ನೆಗಿಂತ 80 ಡಿಗ್ರಿ ಕೆಳಗೆ ಇಡುತ್ತಾರೆ. ನಮ್ಮಲ್ಲಿ ಕೆಂಪುಕಣಗಳ ಚೀಲವನ್ನು 2ರಿಂದ 6 ಡಿಗ್ರಿಯಲ್ಲಿ 42 ದಿನ ಇಡಬಹುದಾಗಿತ್ತು. ಅಷ್ಟು ಎಚ್ಚರದಿಂದ ಇಟ್ಟರೂ ದಿನ ಕಳೆದಂತೆ ಕಣಗಳು ಮೈಕ್ರೋವೆಸಿಕಲ್‌ಗಳನ್ನು ಉದುರಿಸುತ್ತ ಹೋಗುತ್ತವೆ. ಎಲ್ಲಿಂದಲೋ ಕೊರಿಯರ್‌ನಲ್ಲಿ ಬಂದ ಬಾಟಲಿ ದಾರಿಯಲ್ಲಿ ಎಷ್ಟು ಹೊತ್ತು ಕರಗಿ ನಿಂತಿತ್ತು ಎಂಬುದನ್ನು ಯಾರು ಬಲ್ಲರು?

ಕಾನೂನಿನ ಮಾತೂ ಇದೆ. ಭಾರತದ 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳ ಪ್ರಕಾರ, ಔಷಧವಾಗಿ ಬಳಸುವ ಕಾಂಡಕೋಶಜನ್ಯ ಉತ್ಪನ್ನ ಎಂದೆಂದಿಗೂ 'ಹೊಸ ಔಷಧ'ವೇ; ಕೇಂದ್ರ ಪ್ರಾಧಿಕಾರದ ಅನುಮತಿ ಅದಕ್ಕೆ ಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರ ಡಿಸೆಂಬರ್‌ನಲ್ಲಿ, ನೆಬ್ರಾಸ್ಕಾದಲ್ಲಿ ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನ ಪಡೆದ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆ, ತಾನು ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಅನುಮತಿ ಕೊಟ್ಟಿಲ್ಲವೆಂದು ಸಾರ್ವಜನಿಕರನ್ನು ಎಚ್ಚರಿಸಿತು. ಚರ್ಮಕ್ಕೆ ಹಚ್ಚುವ ಸೌಂದರ್ಯವರ್ಧಕವೆಂದು ಮಾರುವ ಎಕ್ಸೋಸೋಮ್ ದ್ರವಗಳೂ ಇವೆ. ಅವನ್ನು ಕೀಲಿನೊಳಗೆ ಚುಚ್ಚಲು ಯಾರಿಗೂ ಬಿಡಬಾರದು. ಕೀಲಿಗೆ ಒಮ್ಮೆ ಸೋಂಕು ತಗುಲಿದರೆ ಸವೆತಕ್ಕಿಂತ ನೂರುಪಾಲು ಕಷ್ಟ.

ಈ ಚಿಕಿತ್ಸೆಯನ್ನು ಪಡೆಯಲೇಬೇಕೆನ್ನುವವರಿಗೆ ನೇರವಾದ ದಾರಿ ವೈದ್ಯಕೀಯ ಪ್ರಯೋಗದಲ್ಲಿ ಸೇರುವುದು. ದೇಶದ ಪ್ರತಿಯೊಂದು ಔಷಧ ಪ್ರಯೋಗವೂ ಭಾರತೀಯ ವೈದ್ಯಕೀಯ ಪ್ರಯೋಗಗಳ ನೋಂದಣಿ ಕೇಂದ್ರದಲ್ಲಿ ದಾಖಲಾಗಿರಬೇಕೆಂಬುದು 2009ರಿಂದ ಕಡ್ಡಾಯ. ಆ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ನೋಂದಣಿ ಸಂಖ್ಯೆ ಇರುತ್ತದೆ, ನೈತಿಕ ಸಮಿತಿಯ ಒಪ್ಪಿಗೆ ಇರುತ್ತದೆ, ನಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಪ್ರಯೋಗವೆಂದು ಹೇಳಿ ಮದ್ದಿಗೆ ರೋಗಿಯಿಂದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕು.

ಮಂಡಿ ಬದಲಿ ಶಸ್ತ್ರಚಿಕಿತ್ಸೆ

ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಅಂತರ ಪೂರ್ತಿ ಮುಚ್ಚಿ, ಕಾಲು ಬಿಲ್ಲಿನಂತೆ ಬಾಗಿ, ರಾತ್ರಿ ನಿದ್ದೆಗೂ ನೋವು ಬಿಡದವರಿಗೆ ಯಾವ ಚುಚ್ಚುಮದ್ದೂ ಇದಕ್ಕೆ ಸಾಟಿಯಲ್ಲ. ಮಂಡಿಯ ಇಂಪ್ಲಾಂಟ್‌ಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಿಂದ ಮಿತಿ ಹಾಕಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಇರುವವರು, ಬಣ್ಣದ ಕಾಗದದವರಿಗೆ ಮುಂಗಡ ಕೊಡುವ ಮೊದಲು, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲೋ ಮೂಳೆ ವಿಭಾಗದಲ್ಲಿ ತೋರಿಸಿ, ತಮಗೆ ಏನೇನು ಅನ್ವಯಿಸುತ್ತದೆ ಎಂದು ಅಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ ಬರಬೇಕು.

ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಮರುದಿನ ಎಕ್ಸ್-ರೇ ತೆಗೆಸಿದೆವು. ಬಲಮಂಡಿಯ ಒಳಬದಿಯಲ್ಲಿ ಅಂತರ ಕಿರಿದಾಗಿತ್ತು, ಮುಚ್ಚಿರಲಿಲ್ಲ. ಸಕ್ಕರೆ ಹತೋಟಿಯಲ್ಲಿರಲಿಲ್ಲವಾದ್ದರಿಂದ ಮೂಳೆ ವೈದ್ಯರು ಸ್ಟೀರಾಯ್ಡನ್ನು ಮುಂದಕ್ಕೆ ಹಾಕಿ, ಜೆಲ್ಲನ್ನೂ ತೊಡೆಯ ವ್ಯಾಯಾಮವನ್ನೂ ಬರೆದುಕೊಟ್ಟರು. ಎರಡು ತಿಂಗಳ ಮೇಲೆ, ಸಕ್ಕರೆ ಇಳಿದ ನಂತರ, ಊತ ಕೆರಳಿದ್ದಾಗ ಒಂದೇ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಪಿಆರ್‌ಪಿ ಬೇಕೇ ಎಂದು ನಾನು ಕೇಳಿದ್ದೆ. ಈ ವಯಸ್ಸಿಗೆ, ಈ ಸವೆತಕ್ಕೆ ಖರ್ಚಿನಷ್ಟು ಫಲ ಸಿಗಲಾರದೆಂದು ಅವರು ನೇರವಾಗಿಯೇ ಹೇಳಿದರು. ದೊಡ್ಡಮ್ಮ ಮೆಣಸಿನ ಹಣದಲ್ಲಿ ಸ್ವಲ್ಪ ತೆಗೆದು ಲೈನು ಮನೆಯ ಪಕ್ಕದ ಹಳೆಯ ಶೌಚಾಲಯಕ್ಕೆ ಕಮೋಡ್ ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸಿದ್ದಾರೆ. ಮೆಟ್ಟಿಲು ಹತ್ತುವಾಗ ಇನ್ನೂ ಕಂಬ ಹಿಡಿಯುತ್ತಾರೆ, ಆದರೆ ನಡುವೆ ನಿಲ್ಲುವುದಿಲ್ಲ. ದೀಪಾವಳಿ ಕಳೆದ ಮೇಲೆ, ಅರೇಬಿಕಾ ಕೊಯ್ಲಿನ ಗಡಿಬಿಡಿ ಜೋರಾಗುವ ಮೊದಲು, ಮತ್ತೊಂದು ಎಕ್ಸ್-ರೇ ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟು ನೋಡೋಣ ಎಂದು ವೈದ್ಯರು ತಾರೀಕು ಕೊಟ್ಟಿದ್ದಾರೆ.